ಮೊದಲ ಬೈಕೇ ಸೂಪರ್‌ಸ್ಪೋರ್ಟ್ ಆದರೆ: ವರ್ಕ್‌ಶಾಪ್‌ನಲ್ಲಿ ಕಂಡದ್ದು

ಬೈಕ್ ಸರ್ವಿಸ್‌ಗೆ ಬಂದ ಕೂಡಲೇ ನಾನು ಬಗ್ಗಿ ನೋಡುವುದು ಹಿಂದಿನ ಟೈರನ್ನು. ಮೀಟರ್ ಆಮೇಲೆ. ಓಡಿಸುವವರ ಕೈ ಹೇಗಿದೆ ಎಂದು ಟೈರು, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು ಹೇಳುವಷ್ಟು ನೇರವಾಗಿ ಮಾಲೀಕರೂ ಹೇಳುವುದಿಲ್ಲ.

ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಇದು ನನ್ನ ಮೊದಲ ಬೈಕ್. 600 ಸಿಸಿ ಸೂಪರ್‌ಸ್ಪೋರ್ಟ್ ತಗೋಬಹುದಾ? ನಾನೇನು ಜೋರಾಗಿ ಓಡಿಸಲ್ಲ, ನಿಧಾನಕ್ಕೆ ಹೋಗ್ತೀನಿ." ಸೂಪರ್‌ಸ್ಪೋರ್ಟ್ ಅಂದರೆ ರೇಸ್ ಬೈಕಿನ ಮಾದರಿಯಲ್ಲೇ ಮಾಡಿದ ರಸ್ತೆ ಬೈಕು. ಕೇಳುವವರು ತುಂಬಾ ಜನ ನಿಜಕ್ಕೂ ಜಾಗರೂಕ ಮನುಷ್ಯರೇ. ಸ್ಟಂಟ್ ಮಾಡುವ ಹುಚ್ಚಿನವರಲ್ಲ. ಅವರ ಬೈಕುಗಳೂ ಗಾಯ ಮಾಡಿಕೊಂಡು ನನ್ನ ಲಿಫ್ಟ್ ಮೇಲೆ ಹತ್ತುತ್ತವೆ. ಅದಕ್ಕೇ ಈ ಪ್ರಶ್ನೆಗೆ ನಾನು ವೇಗದ ಲೆಕ್ಕದಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಬಿಚ್ಚಿದ ಭಾಗಗಳನ್ನೇ ಮುಂದಿಟ್ಟು ತೋರಿಸುತ್ತೇನೆ.

ಮೊದಲು ಟೈರು. ಪಳಗಿದ ಸವಾರರ ಟೈರು ನಡುವಿನಿಂದ ಅಂಚಿನ ಕಡೆಗೆ ನಯವಾಗಿ ಸವೆದುಕೊಂಡು ಹೋಗಿರುತ್ತದೆ. ಹೊಸಬರ ದೊಡ್ಡ ಬೈಕಿನಲ್ಲಿ ನಡುಭಾಗ ಚಪ್ಪಟೆ, ಎರಡೂ ಅಂಚಿನಲ್ಲಿ ಎರಡು ಬೆರಳು ಅಗಲದ ರಬ್ಬರು ಕಾರ್ಖಾನೆಯಿಂದ ಬಂದ ಹಾಗೇ ಇರುತ್ತದೆ. ಅಚ್ಚಿನಿಂದ ಬಂದ ಸಣ್ಣ ರಬ್ಬರ್ ಕೂದಲು ಕೂಡ ಉದುರಿರುವುದಿಲ್ಲ. ಸವಾರರು ಇದನ್ನು ಚಿಕನ್ ಸ್ಟ್ರಿಪ್ ಅಂತ ಗೇಲಿ ಮಾಡುತ್ತಾರೆ. ನನಗೆ ಆ ಗೇಲಿ ಹಿಡಿಸುವುದಿಲ್ಲ. ರಸ್ತೆಯಲ್ಲಿ ಅಂಚಿನ ತನಕ ಬಾಗಿಸಲೇಬೇಕು ಎಂದೇನೂ ಇಲ್ಲ. ಆದರೆ ತಿರುವಿನಲ್ಲಿ ಹೊರಗೆ ಹೋಗಿ ಬಿದ್ದ ಬೈಕಿನಲ್ಲೂ ಅದೇ ಅಂಚು ಹೊಸದಾಗೇ ಕಂಡರೆ ಯೋಚಿಸಬೇಕಾಗುತ್ತದೆ. ಟೈರಿನಲ್ಲಿ ಇನ್ನೂ ಹಿಡಿತ ಬಾಕಿ ಇತ್ತು. ಸವಾರರಿಗೆ ಅದನ್ನು ಬಳಸಲು ಧೈರ್ಯ ಬರಲಿಲ್ಲ. ತಿರುವಿನ ಒಳಬದಿಯ ಹ್ಯಾಂಡಲನ್ನು ಇನ್ನೊಂಚೂರು ಒತ್ತಿದ್ದರೆ ಬೈಕ್ ಇನ್ನೂ ಬಾಗಿ ತಿರುಗುತ್ತಿತ್ತು. ಬಲಕ್ಕೆ ಹೋಗಲು ಬಲ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು, ಕೌಂಟರ್‌ಸ್ಟಿಯರಿಂಗ್ ಅಂದರೆ ಇಷ್ಟೇ. ಗಾಬರಿಯಲ್ಲಿ ಕೈ ಅದನ್ನು ತಾನಾಗಿ ಮಾಡಬೇಕಾದರೆ, ಅದಕ್ಕೂ ಮೊದಲು ಎಷ್ಟೋ ಸಲ ಸಮಾಧಾನದಲ್ಲಿ ಮಾಡಿರಬೇಕು. ಹೆದರಿಸುವ ಬೈಕಿನ ಮೇಲೆ ಆ ಅಭ್ಯಾಸ ಆಗುವುದೇ ಇಲ್ಲ.

ಆಮೇಲೆ ಬ್ರೇಕ್ ಪ್ಯಾಡು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದರೆ ಹಿಂದಿನ ಪ್ಯಾಡು ಸವೆದು ಲೋಹ ತಾಗುವ ಹಂತಕ್ಕೆ ಬಂದಿರುತ್ತದೆ, ಮುಂದಿನದು ಹೊಸದರ ಹಾಗೆ ದಪ್ಪ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಬೈಕಿನ ಭಾರ ಹೆಚ್ಚುಕಡಿಮೆ ಪೂರ್ತಿ ಮುಂದಿನ ಚಕ್ರಕ್ಕೆ ಹೋಗುತ್ತದೆ. ಸ್ಪೋರ್ಟ್‌ಬೈಕಿನಲ್ಲಂತೂ ಹಿಂದಿನ ಚಕ್ರ ನೆಲ ಬಿಡುವ ಮಟ್ಟಕ್ಕೆ. ಅಂದರೆ ನಿಲ್ಲಿಸುವ ಕೆಲಸ ಮಾಡಬೇಕಾದ್ದು ಮುಂದಿನ ಬ್ರೇಕು. ಅದನ್ನೇ ಮುಟ್ಟದೆ ಇಷ್ಟು ದಿನ ಓಡಿಸಿದ್ದಾರೆ ಎಂದು ಆ ಪ್ಯಾಡು ಹೇಳುತ್ತದೆ. ಯಾಕೆ ಮುಟ್ಟಿಲ್ಲ? ಒಂದು ಸಲ ಮುಟ್ಟಿ ನೋಡಿ ಹೆದರಿದ್ದಾರೆ, ಅಷ್ಟೇ. ಆ ಬೈಕುಗಳಲ್ಲಿ ಮುಂದೆ ಎರಡು ದೊಡ್ಡ ಡಿಸ್ಕು, ರೇಡಿಯಲ್ ಕ್ಯಾಲಿಪರ್. ಎರಡು ಬೆರಳು ಸಾಕು. ನಾಲ್ಕೂ ಬೆರಳು ಹಾಕಿ ಒಮ್ಮೆಲೇ ಹಿಡಿದರೆ ಫೋರ್ಕ್ (ಮುಂದಿನ ಸಸ್ಪೆನ್ಷನ್) ಕುಗ್ಗಿ ಭಾರ ಟೈರಿನ ಮೇಲೆ ಕೂರುವ ಮೊದಲೇ ಡಿಸ್ಕು ಕಚ್ಚಿಬಿಡುತ್ತದೆ. ಟೈರು ಜಾರುತ್ತದೆ. ಮೊದಲು ಹಗುರವಾಗಿ ಹಿಡಿದು, ಫೋರ್ಕ್ ಕುಗ್ಗಿದ್ದು ಕೈಗೆ ಗೊತ್ತಾದ ಮೇಲೆ ಹಿಂಡುತ್ತಾ ಹೋಗಬೇಕು. ಓದಿದರೆ ಒಂದು ಸಾಲು. ಕೈಗೆ ಬರಲು ತಿಂಗಳುಗಳು ಬೇಕು.

ಇದೆಲ್ಲ ನನ್ನೊಬ್ಬನ ಕಣ್ಣಿಗೆ ಬಿದ್ದ ಮಾತಲ್ಲ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತು ತಂಡ ಲಾಸ್ ಏಂಜಲೀಸ್‌ನಲ್ಲಿ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರೀಕ್ಷೆ ಮಾಡಿತ್ತು. 1981ರಲ್ಲಿ ವರದಿ ಬಂತು. ಹಳೆಯದು, ಆಗಿನ ಬೈಕುಗಳೇ ಬೇರೆ. ಆದರೂ ಅದರಲ್ಲಿ ಬರೆದಿರುವ ತಪ್ಪುಗಳು ಇವತ್ತಿಗೂ ನನ್ನ ಲಿಫ್ಟ್ ಮೇಲಿವೆ: ಹಿಂದಿನ ಬ್ರೇಕ್ ಜಾಸ್ತಿ ಒತ್ತಿ ಜಾರಿದ್ದು, ಮುಂದಿನದನ್ನು ಕಡಿಮೆ ಬಳಸಿದ್ದು, ತಿರುವಿನಲ್ಲಿ ಸಾಕಷ್ಟು ಬಾಗಿಸದೆ ಹೊರಗೆ ಹೋದದ್ದು. ಸವಾರರಲ್ಲಿ 92 ಪರ್ಸೆಂಟ್ ತಾವೇ ಕಲಿತವರು ಅಥವಾ ಮನೆಯವರು, ಗೆಳೆಯರಿಂದ ಕಲಿತವರು. ಅಪಾಯ ತಪ್ಪಿಸಿಕೊಳ್ಳಲು ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು 2 ಸೆಕೆಂಡಿಗೂ ಕಡಿಮೆ. ಅಪಾಯ ಶುರುವಾಗುವ ಮುಂಚಿನ ವೇಗದ ಮಧ್ಯಾಂಕ ಎಷ್ಟು ಗೊತ್ತಾ? ಗಂಟೆಗೆ 29.8 ಮೈಲಿ. ನಮ್ಮ ಲೆಕ್ಕಕ್ಕೆ 48 ಕಿಲೋಮೀಟರ್. "ನಾನು ಜೋರಾಗಿ ಓಡಿಸಲ್ಲ" ಎನ್ನುವವರು ಇಡೀ ದಿನ ಓಡಿಸುವ ವೇಗ ಅದೇ ಅಲ್ವಾ?

ನಿಧಾನಕ್ಕೆ ಹೋಗುತ್ತೇನೆ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಈ ಬೈಕುಗಳಿಗೆ ಅತಿ ಕಷ್ಟವಾದ ಕೆಲಸ ನಿಧಾನಕ್ಕೆ ಹೋಗುವುದೇ.

ಯಮಹಾ ಆರ್6 ತೆಗೆದುಕೊಳ್ಳಿ. 599 ಸಿಸಿ, ಸುಮಾರು 118 ಕುದುರೆಶಕ್ತಿ, 190 ಕಿಲೋ. ಪೂರ್ತಿ ಶಕ್ತಿ ಸಿಗುವುದು 14,500 ಆರ್‌ಪಿಎಂ ಹತ್ತಿರ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಹೇಳಿಕೊಳ್ಳುವಂಥ ಎಳೆತ ಇಲ್ಲ. ಮೊದಲ ಗೇರ್ ಎಷ್ಟು ಉದ್ದ ಎಂದರೆ ಅದೊಂದರಲ್ಲೇ 100 ಕಿಲೋಮೀಟರ್ ವೇಗ ದಾಟುತ್ತದೆ. ಹಾಗಾಗಿ ನಡಿಗೆಯ ವೇಗದಲ್ಲಿ ಹೋಗಬೇಕಾದರೆ ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಇರಬೇಕು. ಕ್ಲಚ್ ಕವರ್ ಬಿಚ್ಚಿದಾಗ ನೀಲಿಗಟ್ಟಿದ ಸ್ಟೀಲ್ ಪ್ಲೇಟು, ಸುಟ್ಟ ಎಣ್ಣೆಯ ವಾಸನೆ ಬರುವುದು ಇದರಿಂದಲೇ. ಹ್ಯಾಂಡಲ್ ತಿರುಗುವ ಕೋನವೂ ಕಡಿಮೆ. ಯು-ಟರ್ನ್ ಹೊಡೆಯಲು ಹೋದರೆ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ. ಸೀಟು 850 ಮಿಲಿಮೀಟರ್ ಎತ್ತರ, ಎಷ್ಟೋ ಜನಕ್ಕೆ ತುದಿಗಾಲೇ ಗತಿ. ತಿರುವಿನ ನಡುವೆ ಎಂಜಿನ್ ಆಫ್ ಆಯಿತು ಎಂದುಕೊಳ್ಳಿ. 190 ಕಿಲೋ ಒಂದು ಕಡೆ ವಾಲಲು ಶುರುವಾದರೆ ತುದಿಗಾಲು ಅದನ್ನು ತಡೆಯುವುದಿಲ್ಲ. ತುಂಡಾದ ಲಿವರ್, ಬಾಗಿದ ಗೇರ್ ಪೆಡಲ್, ಗೀರು ಬಿದ್ದ ಫೇರಿಂಗ್ (ಬೈಕಿನ ಹೊರಕವಚ), ಕೆಲವು ಸಲ ಬಿರುಕು ಬಿಟ್ಟ ಎಂಜಿನ್ ಕವರ್‌ನಿಂದ ಸೋರುವ ಎಣ್ಣೆ. ಇಷ್ಟೂ ಆಗುವುದು ಸೊನ್ನೆ ವೇಗದಲ್ಲಿ. ಹೊಸಬರ ದೊಡ್ಡ ಬೈಕುಗಳಲ್ಲಿ ನಾನು ಜಾಸ್ತಿ ರಿಪೇರಿ ಮಾಡುವುದು ಇದೇ. ನೂರು ದಾಟಿ ಬಿದ್ದವಲ್ಲ, ನಿಂತಲ್ಲೇ ಬಿದ್ದವು.

ಇದಕ್ಕಿಂತ ಕೆಟ್ಟದ್ದು ಕೈ ತಾನಾಗಿ ಥ್ರಾಟಲ್ (ಆಕ್ಸಿಲರೇಟರ್) ತಿರುಗಿಸುವುದು. ಸವಾರರು ಇದನ್ನು ವಿಸ್ಕಿ ಥ್ರಾಟಲ್ ಎನ್ನುತ್ತಾರೆ, ಕುಡಿಯದವರಿಗೂ ಆಗುತ್ತದೆ. ಕ್ಲಚ್ ಸ್ವಲ್ಪ ಬೇಗ ಬಿಟ್ಟಿರಿ, ಬೈಕ್ ಮುಂದಕ್ಕೆ ಚಿಮ್ಮಿತು, ಮೈ ಹಿಂದಕ್ಕೆ ಹೋಯಿತು. ಬೀಳಬಾರದು ಎಂದು ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿರಿ. ಹಿಂದಕ್ಕೆ ಹೋದ ಮೈಯ ಜೊತೆ ಮಣಿಕಟ್ಟೂ ಕೆಳಗಿಳಿಯಿತು, ಥ್ರಾಟಲ್ ಇನ್ನೂ ತೆರೆಯಿತು. ಬೈಕ್ ಇನ್ನೂ ಜೋರಾಯಿತು. ಒಂದಕ್ಕೊಂದು ಸೇರಿಕೊಂಡು ಏರುತ್ತಲೇ ಹೋಗುತ್ತದೆ. ಸಣ್ಣ ಬೈಕಿನಲ್ಲೂ ಹೀಗೇ ಆಗುತ್ತದೆ, ಆದರೆ ಅದು ಚಿಮ್ಮುವುದೇ ಕಡಿಮೆ. ತಪ್ಪು ಗೊತ್ತಾಗಿ ಕೈ ಸಡಿಲ ಬಿಡುವಷ್ಟು ಹೊತ್ತು ಸಿಗುತ್ತದೆ. ಸೂಪರ್‌ಸ್ಪೋರ್ಟ್ ಸೊನ್ನೆಯಿಂದ ನೂರಕ್ಕೆ ಹೋಗಲು ಮೂರು ಸೆಕೆಂಡು ಚಿಲ್ಲರೆ ಸಾಕು. ಅಷ್ಟರೊಳಗೆ ಹೊಸಬರ ತಲೆಗೆ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ.

"ಈಗ ಎಲ್ಲ ಎಲೆಕ್ಟ್ರಾನಿಕ್ಸ್ ಇದೆಯಲ್ಲ" ಎನ್ನುತ್ತಾರೆ. ಇದೆ, ಒಳ್ಳೆಯದೇ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಬೈಕನ್ನು ಹೊಸಬರಿಗೆ ಕೊಡುವುದೇ ಬೇಡ ಎನ್ನುವವನು ನಾನು. ಆದರೆ ಹೊಸಬರು ತರುವುದು ಹೆಚ್ಚಾಗಿ ಕೈ ಬದಲಾದ ಹಳೇ ಬೈಕು. ಆರ್6ಗೆ ಎಬಿಎಸ್ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನದು ತಂದು ನಿಲ್ಲಿಸಿ ಎಲೆಕ್ಟ್ರಾನಿಕ್ಸ್ ಅಂದರೆ ನಾನೇನು ಹೇಳಲಿ? ಇನ್ನು ಸಾದಾ ಎಬಿಎಸ್ ಬೈಕ್ ನೆಟ್ಟಗಿರುವಾಗ ಚೆನ್ನಾಗಿ ಕಾಪಾಡುತ್ತದೆ. ಬಾಗಿರುವಾಗಲೂ ಸರಿಯಾಗಿ ಕೆಲಸ ಮಾಡಬೇಕಾದರೆ ಬಾಗಿದ ಕೋನ ಅಳೆಯುವ ಸೆನ್ಸರ್ ಬೇಕು. ರೇನ್ ಮೋಡ್ ಹಾಕಿದರೆ ಥ್ರಾಟಲ್ ಮೆತ್ತಗಾಗುತ್ತದೆ ನಿಜ. ಸೀಟು ಕೆಳಗಿಳಿಯುವುದಿಲ್ಲ, ಭಾರ ಇಳಿಯುವುದಿಲ್ಲ, ಹ್ಯಾಂಡಲ್ ಜಾಸ್ತಿ ತಿರುಗುವುದಿಲ್ಲ.

(ಹಳೇ ಸ್ಪೋರ್ಟ್‌ಬೈಕ್ ಕೊಳ್ಳುವವರಿಗೆ ಒಂದು ಮಾತು, ವಿಷಯ ಸ್ವಲ್ಪ ಆಚೆಯದಾದರೂ ಸರಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಫ್ರೇಮಿಗೆ ತಾಗುವ ಸ್ಟಾಪರ್ ನೋಡಿ. ಅಲ್ಲಿ ಜಜ್ಜಿದ ಗುರುತು ಇದ್ದರೆ ಬೈಕ್ ಜೋರಾಗಿಯೇ ಬಿದ್ದಿದೆ. ಹೊಸ ಫೇರಿಂಗ್ ಹಾಕಿ ಮಿಕ್ಕಿದ್ದೆಲ್ಲ ಮುಚ್ಚಬಹುದು, ಇದನ್ನು ಮುಚ್ಚುವವರು ಕಡಿಮೆ.)

ಸಾವಿನ ಲೆಕ್ಕವೂ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2005ರ ಅಂಕಿಗಳನ್ನು ನೋಡಿ 2007ರಲ್ಲಿ ಹೇಳಿದ್ದು: ನೋಂದಣಿಯಾದ ಬೈಕುಗಳ ಲೆಕ್ಕದಲ್ಲಿ ಸೂಪರ್‌ಸ್ಪೋರ್ಟ್ ಸವಾರರ ಸಾವಿನ ಪ್ರಮಾಣ ಬೇರೆ ಬೈಕುಗಳವರಿಗಿಂತ ಸುಮಾರು ನಾಲ್ಕು ಪಟ್ಟು. ಇದರಲ್ಲಿ ಬೈಕಿನ ಪಾಲೆಷ್ಟು, ಓಡಿಸುವವರ ವಯಸ್ಸಿನ ಪಾಲೆಷ್ಟು ಎಂದು ಬೇರೆ ಮಾಡುವುದು ಸುಲಭ ಅಲ್ಲ, ಅಂಥ ಬೈಕ್ ಓಡಿಸುವವರು ಹೆಚ್ಚಾಗಿ ಎಳೆಯರು. ಹಾಗಾಗಿ ಈ ಅಂಕಿಯನ್ನು ತೋರಿಸಿ ಯಾರನ್ನೂ ಹೆದರಿಸುವುದು ನನಗೆ ಇಷ್ಟ ಇಲ್ಲ. ಸುಮ್ನೆ ತಳ್ಳಿಹಾಕುವ ಅಂಕಿಯೂ ಅಲ್ಲ.

ಹೆಲ್ಮೆಟ್ ಮೇಲೆ 46 ನಂಬರ್ ಅಂಟಿಸಿಕೊಂಡು ಬರುವ ಹುಡುಗರ ಹತ್ತಿರ ನಾನು ಬೇರೆ ಮಾತಾಡುತ್ತೇನೆ. ಆ ನಂಬರಿನ ಇಟಲಿಯ ಬೈಕ್ ರೇಸರ್ ವ್ಯಾಲೆಂಟಿನೊ ರೊಸ್ಸಿ ವಿಶ್ವ ಚಾಂಪಿಯನ್‌ಶಿಪ್‌ಗೆ ಕಾಲಿಟ್ಟದ್ದು 1996ರಲ್ಲಿ, 125 ಸಿಸಿ ಬೈಕಿನಲ್ಲಿ. 1997ರಲ್ಲಿ ಆ ವರ್ಗ ಗೆದ್ದರು, 1999ರಲ್ಲಿ 250 ಸಿಸಿ, 2001ರಲ್ಲಿ 500 ಸಿಸಿ. ಹುಟ್ಟು ಪ್ರತಿಭೆ ಇದ್ದವರೂ ಮೆಟ್ಟಿಲು ಹತ್ತಿಯೇ ಹೋದರು. ಯುರೋಪಿನ ಲೈಸೆನ್ಸ್ ನಿಯಮವೂ ಇದೇ ದಾರಿಯದು. ಎ1 ಅಂದರೆ 125 ಸಿಸಿ, 11 ಕಿಲೋವ್ಯಾಟ್ ತನಕ. ಎ2 ಅಂದರೆ 35 ಕಿಲೋವ್ಯಾಟ್ ತನಕ. ಎ2ನಲ್ಲಿ ಎರಡು ವರ್ಷ ಕಳೆದವರು ದೊಡ್ಡ ಬೈಕಿಗೆ ಏರಬಹುದು. ಆ ನಿಯಮದಲ್ಲೂ ಒಂದು ಕಿಂಡಿ ಇದೆ, 24 ವರ್ಷ ತುಂಬಿದವರು ಪರೀಕ್ಷೆ ಪಾಸಾದರೆ ನೇರ ದೊಡ್ಡ ಬೈಕಿಗೇ ಹೋಗಬಹುದು. ವಯಸ್ಸಾದ ಮಾತ್ರಕ್ಕೆ ಕೈ ಪಳಗುವುದಿಲ್ಲ ಎಂದು ನನಗೆ ಕಂಡಿದೆ. ಐವತ್ತರ ಆಸುಪಾಸಿನಲ್ಲಿ ಮೊದಲ ಸಲ ಬೈಕ್ ಕೊಂಡವರ ಹಿಂದಿನ ಪ್ಯಾಡೂ ಹಾಗೇ ಸವೆದಿರುತ್ತದೆ.

300, 400 ಸಿಸಿ ಬೈಕ್ ಅಂದರೆ ಕೆಲವರಿಗೆ ಮುಖ ಸಣ್ಣಗಾಗುತ್ತದೆ. ಕವಾಸಕಿ ನಿಂಜಾ 400 ನೋಡಿ: ಸುಮಾರು 45 ಕುದುರೆಶಕ್ತಿ, 168 ಕಿಲೋ, ಸೀಟು 785 ಮಿಲಿಮೀಟರ್. ಹೆದ್ದಾರಿಗೆ ಧಾರಾಳ ಸಾಕು. ಥ್ರಾಟಲ್ ಪೂರ್ತಿ ತಿರುಗಿಸಿ ನೋಡಬಹುದು, ಎಂಜಿನ್ ಕೂಗುವುದನ್ನು ಕೇಳಬಹುದು, ಮುಂದಿನ ಬ್ರೇಕ್ ಹಿಂಡಿ ಟೈರು ಏನು ಹೇಳುತ್ತದೆ ಎಂದು ತಿಳಿಯಬಹುದು. ಹೀಗೆ ಕಲಿತವರು ಆಮೇಲೆ ದೊಡ್ಡ ಬೈಕ್ ತಂದಾಗ ಅವರ ಟೈರು, ಪ್ಯಾಡು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ವರ್ಷ ಸಣ್ಣದರಲ್ಲಿ ಕಳೆದದ್ದು ಕಾಲ ಹಾಳು ಮಾಡಿದ್ದಲ್ಲ. ಮೊದಲ ದಿನದಿಂದ ಸೂಪರ್‌ಸ್ಪೋರ್ಟ್‌ನಲ್ಲೇ ಇದ್ದು ಎರಡು ವರ್ಷವಾದರೂ ಮುಂದಿನ ಬ್ರೇಕಿಗೆ ಹೆದರುವವರನ್ನು ಕಂಡಿದ್ದೇನೆ.

600ರಲ್ಲೇ ಕಲಿತು ಚೆನ್ನಾಗಿ ಓಡಿಸುವವರು ಇಲ್ಲವಾ? ಇದ್ದಾರೆ. ನಮ್ಮ ವರ್ಕ್‌ಶಾಪ್‌ಗೂ ಬರುತ್ತಾರೆ. ಅವರಲ್ಲಿ ಬಹುತೇಕರು ಮೊದಲೇ ಮಣ್ಣಿನ ಟ್ರ್ಯಾಕ್‌ನಲ್ಲಿ ಸಣ್ಣ ಬೈಕ್ ಓಡಿಸಿದವರು, ಅಥವಾ ಒಳ್ಳೆಯ ತರಬೇತಿಗೆ ಹೋದವರು. ಅಂದರೆ ಅವರಿಗೆ ಅದು ನಿಜಕ್ಕೂ ಮೊದಲ ಬೈಕ್ ಆಗಿರಲಿಲ್ಲ.

ಆಗಲೇ ಕೊಂಡುಬಿಟ್ಟವರಿಗೆ ಮಾರಿಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಕೇಳುವುದಿಲ್ಲ. ಸಾಧ್ಯವಾದರೆ ಜೊತೆಗೆ ಒಂದು ಹಳೇ ಸಣ್ಣ ಬೈಕ್ ಇಟ್ಟುಕೊಂಡು ದಿನಾ ಅದನ್ನೇ ಓಡಿಸಿ. ದೊಡ್ಡದಕ್ಕೆ ಕ್ರ್ಯಾಶ್ ಪ್ರೊಟೆಕ್ಟರ್, ಎಂಜಿನ್ ಕವರ್ ಗಾರ್ಡ್ ಮೊದಲು ಹಾಕಿಸಿ, ಜೋರು ಸದ್ದಿನ ಸೈಲೆನ್ಸರ್ ಆಮೇಲೆ. ರೇನ್ ಮೋಡ್ ಇದ್ದರೆ ಒಣ ರಸ್ತೆಯಲ್ಲೂ ಅದರಲ್ಲೇ ಇರಲಿ. ಖಾಲಿ ಜಾಗದಲ್ಲಿ ಮುಂದಿನ ಬ್ರೇಕ್ ಅಭ್ಯಾಸ ಮಾಡಿ, ಟೈರು ಬೆಚ್ಚಗಾದ ಮೇಲೆ, ಬೈಕ್ ನೆಟ್ಟಗಿರುವಾಗ ಮಾತ್ರ. ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ. ಮೈಭಾರ ಮಣಿಕಟ್ಟಿನ ಮೇಲೆ ಬಿದ್ದರೆ ಪ್ರತಿ ಗುಂಡಿಗೂ ಥ್ರಾಟಲ್ ಅಲುಗಾಡುತ್ತದೆ, ಹ್ಯಾಂಡಲ್ ಒತ್ತಲೂ ಆಗುವುದಿಲ್ಲ. ಹಿಂದೆ ಯಾರನ್ನೂ ಕೂರಿಸಬೇಡಿ. ಬ್ರೇಕ್ ಲಿವರ್ ನಿಮ್ಮ ಬೆರಳಿಗೆ ಎಷ್ಟು ದೂರ ಇದೆ ಎಂದೂ ನೋಡಿಕೊಳ್ಳಿ. ಹೆಚ್ಚಿನ ಸ್ಪೋರ್ಟ್‌ಬೈಕುಗಳಲ್ಲಿ ಲಿವರ್ ಬುಡದಲ್ಲಿ ನಂಬರ್ ಹಾಕಿದ ಸಣ್ಣ ಚಕ್ರ ಇರುತ್ತದೆ. ಲಿವರನ್ನು ಮುಂದಕ್ಕೆ ತಳ್ಳಿ ಹಿಡಿದು ಅದನ್ನು ತಿರುಗಿಸಿದರೆ ಅಂತರ ಬದಲಾಗುತ್ತದೆ. ಎರಡು ಬೆರಳಿನ ನಡುಗೆಣ್ಣು ಆರಾಮಾಗಿ ಲಿವರ್ ಮೇಲೆ ಕೂರುವ ಹಾಗೆ ಇಟ್ಟುಕೊಳ್ಳಿ. ಒಂದು ನಿಮಿಷದ ಕೆಲಸ, ಸ್ಪ್ಯಾನರ್ ಕೂಡ ಬೇಡ.