ಹೊಸ ಟ್ರೇಗೆ ಹಳೇ ಕಳೆ: ಬಿಳಿ ಫೆವಿಕಾಲ್ ಸಾಕು

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟ್ರೇ ಮೇಲೆ ಬಿರುಕುಬಿಟ್ಟ ಹಳೇ ಬಣ್ಣದ ನೋಟ ಬೇಕೆಂದರೆ ಬಣ್ಣ ಬಿರುಕುಬಿಡಿಸುವ ದುಬಾರಿ ಕ್ರ್ಯಾಕಲ್ ಮೀಡಿಯಂ ಕೊಳ್ಳಬೇಕಿಲ್ಲ, ಬಿಳಿ ಫೆವಿಕಾಲ್ ಸಾಕು. 220ರ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಪ್ರೈಮರ್ ಹಚ್ಚಿ, ಕಡುಗಂದು ಅಕ್ರಿಲಿಕ್ ಎರಡು ಕೋಟ್ ಬಳಿದು ಪೂರ್ತಿ ಒಣಗಿಸಿ. ಬಿರುಕಿನ ಒಳಗೆ ಕಾಣುವುದು ಈ ಬಣ್ಣವೇ.

ಆಮೇಲೆ ಫೆವಿಕಾಲನ್ನು ನೀರು ಬೆರೆಸದೆ ಚಪ್ಪಟೆ ಬ್ರಷ್‌ನಿಂದ ಹಚ್ಚಿ. ದಪ್ಪಗೆ ಹಚ್ಚಿದರೆ ಅಗಲ ಬಿರುಕು, ತೆಳ್ಳಗಾದರೆ ಕೂದಲೆಳೆಯಂಥವು. ಇನ್ನು ಕಾಯುವ ಕೆಲಸ. ಅಂಟಿನ ಬಿಳಿ ಬಣ್ಣ ಅಂಚಿನಲ್ಲಿ ಮಾಯವಾಗುತ್ತಾ ಬರುತ್ತದೆ. ಬೆರಳಿಟ್ಟರೆ ಹಿಡಿದುಕೊಳ್ಳಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಸಾಮಾನ್ಯವಾಗಿ 10ರಿಂದ 20 ನಿಮಿಷ. ಮಳೆಗಾಲದ ಕರಾವಳಿಯಲ್ಲಿ ಗಡಿಯಾರ ನಂಬಬೇಡಿ, ಬೆರಳನ್ನೇ ನಂಬಿ.

ಈಗ ಕೆನೆಬಣ್ಣದ ಅಕ್ರಿಲಿಕ್‌ಗೆ ಸ್ವಲ್ಪ ನೀರು ಬೆರೆಸಿ, ಬ್ರಷ್ ತುಂಬಾ ತೆಗೆದುಕೊಂಡು ಒಂದೇ ಎಳೆತದಲ್ಲಿ ಬಳಿಯಿರಿ. ಮೇಲಿನ ಬಣ್ಣ ಬೇಗ ಒಣಗಿ ಬಿಗಿಯುತ್ತದೆ, ಕೆಳಗಿನ ಅಂಟು ಇನ್ನೂ ಮೆತ್ತಗಿದ್ದು ಜಾರುತ್ತದೆ. ಹಾಗಾಗಿ ನೋಡನೋಡುತ್ತಲೇ ಬ್ರಷ್ ಎಳೆದ ದಿಕ್ಕಿಗೆ ಸೀಳು ಬೀಳುತ್ತವೆ. ಬಳಿದಲ್ಲೇ ಮತ್ತೆ ಬ್ರಷ್ ಆಡಿಸಿದರೆ ಬಣ್ಣ ಮುದ್ದೆಯಾಗಿ ಎದ್ದು ಬರುತ್ತದೆ. ಬಿರುಕೇ ಬರಲಿಲ್ಲವೆಂದರೆ ಅಂಟು ಪೂರಾ ಒಣಗಿತ್ತು ಎಂದರ್ಥ. ಎರಡೂ ಕಲಸಿಹೋದರೆ ನೀವು ಅವಸರ ಮಾಡಿದ್ದೀರಿ.

ಮಾರನೇ ದಿನ ಸ್ಪ್ರೇ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆಯಿರಿ. ನೀರಿನ ವಾರ್ನಿಷನ್ನು ಬ್ರಷ್‌ನಲ್ಲಿ ಹಚ್ಚಿದರೆ ಅಂಟು ಮತ್ತೆ ಕರಗಿ ಬಿರುಕು ಕದಡುತ್ತದೆ. ವಾರ್ನಿಷ್ ಒಣಗಿದ ಮೇಲೆ ಬರ್ಂಟ್ ಅಂಬರ್ ಎಂಬ ಕಡುಗಂದು ಅಕ್ರಿಲಿಕ್‌ಗೆ ಮೂರು ಪಾಲು ನೀರು ಸೇರಿಸಿ ಬಳಿದು, ತಕ್ಷಣ ಹಳೇ ಬನಿಯನ್ ಬಟ್ಟೆಯಿಂದ ಒರೆಸಿ; ಸಂದಿಯಲ್ಲಿ ಮಾತ್ರ ಕೊಳೆ ಉಳಿಯಬೇಕು. ವಾರ್ನಿಷ್ ಇಲ್ಲದ ಬಣ್ಣ ಇದನ್ನು ಹೀರಿಕೊಂಡು ಕಲೆಕಲೆಯಾಗುತ್ತದೆ.

ಹಿಡಿಕೆ, ಮೂಲೆ, ಅಂಚು: ನಿಜವಾಗಿ ಸವೆಯುವುದು ಇಲ್ಲೇ. ಸವೆದ ನೋಟಕ್ಕೆ ಸ್ಯಾಂಡ್ ಪೇಪರ್‌ನಿಂದ ಉಜ್ಜುವುದಿದ್ದರೆ ಇಲ್ಲಿ ಮಾತ್ರ ಉಜ್ಜಿ. ಟ್ರೇ ನಡುವೆ ಉಜ್ಜಿದರೆ ಹಳೆಯದಲ್ಲ, ಕೆಟ್ಟದಾಗಿ ಕಾಣುತ್ತದೆ.

ದಿನಾ ಬಿಸಿ ಲೋಟ ಇಡುವ ಟ್ರೇಗೆ ಮಾತ್ರ ಈ ವಿಧಾನ ಬೇಡ, ಶಾಖಕ್ಕೂ ನೀರಿಗೂ ಫೆವಿಕಾಲ್ ಮೆತ್ತಗಾಗುತ್ತದೆ. ಅಂಥ ಟ್ರೇಗೆ ಕಂದು ಬಣ್ಣ ಒಣಗಿದ ಮೇಲೆ ಅಂಚುಗಳಿಗೆ ಮೇಣದಬತ್ತಿ ತಿಕ್ಕಿ, ಮೇಲೆ ಕೆನೆಬಣ್ಣ ಬಳಿದು, ಒಣಗಿದಾಗ 220ರಲ್ಲಿ ಕೆರೆಯಿರಿ. ಮೇಣ ಇದ್ದಲ್ಲೆಲ್ಲ ಬಣ್ಣ ಸಲೀಸಾಗಿ ಉದುರುತ್ತದೆ. ಉಳಿದ ಮೇಣವನ್ನು ಚೆನ್ನಾಗಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ವಾರ್ನಿಷ್ ಅಲ್ಲಿ ಹಿಡಿಯುವುದಿಲ್ಲ.