ಕೋಪ ಬಂದಾಗ ದೇವರ ಹೆಸರೇ ಏಕೆ?

ಸಿಟ್ಟಿನ ಭರದಲ್ಲಿ ದೇವರ ಹೆಸರನ್ನೋ ಸಂತರ ಹೆಸರನ್ನೋ ಬೈಗುಳವಾಗಿ ಎಳೆದು ತರುವವರನ್ನು ಕಂಡಾಗ, ಇವರಿಗೆ ದೈವಭಕ್ತಿಯೇ ಇಲ್ಲ, ಇದ್ದಿದ್ದರೆ ನಾಲಿಗೆ ಹೀಗೆ ಹೊರಳುತ್ತಿರಲಿಲ್ಲ ಎಂದು ತೀರ್ಮಾನಿಸುವುದು ವಾಡಿಕೆ. ಈ ತೀರ್ಮಾನ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಯಾರೂ ಪೂಜಿಸದ ಹೆಸರಿನಿಂದ ಯಾರೂ ಬೈಯುವುದಿಲ್ಲ. ಪ್ರಾಚೀನ ರೋಮಿನ ಗಂಡಸರ ಬಾಯಲ್ಲಿ ಹರ್ಕ್ಯುಲಿಸನ ಹೆಸರೂ ಹೆಂಗಸರ ಬಾಯಲ್ಲಿ ಕ್ಯಾಸ್ಟರನ ಹೆಸರೂ, ಅಂದರೆ ಅವರು ಪೂಜಿಸುತ್ತಿದ್ದ ದೇವರ ಹೆಸರುಗಳೇ, ಉದ್ಗಾರವಾಗಿ ಸದಾ ಓಡಾಡುತ್ತಿದ್ದವು. ಇಂದು ಹರ್ಕ್ಯುಲಿಸನ ಹೆಸರು ಹೇಳಿ ಯಾರಾದರೂ ಹಲ್ಲು ಕಡಿದರೆ ಕೇಳಿದವರು ನಕ್ಕಾರು. ಬೈಗುಳಕ್ಕೆ ಬೇಕಾಗಿರುವುದು ಕಾವಲಿರುವ ಹೆಸರು, ಆ ಕಾವಲನ್ನು ಮುರಿದಾಗಲೇ ಕೋಪ ತೀರಿದಂತಾಗುತ್ತದೆ.

ಈ ದಾರಿ ಶುರುವಾಗುವುದು ಆಣೆಯಿಂದ. ತನ್ನ ಮಾತನ್ನು ಎದುರಿನವರು ನಂಬದಿದ್ದಾಗ ಮನುಷ್ಯ ತನಗಿಂತ ದೊಡ್ಡದೊಂದನ್ನು ಸಾಕ್ಷಿಗೆ ಕರೆಯುತ್ತಾನೆ. ಸಣ್ಣ ಸಣ್ಣ ವಿಷಯಕ್ಕೂ ಹಾಗೆ ಕರೆಯುತ್ತಾ ಹೋದರೆ ಸಾಕ್ಷ್ಯದ ಅಂಶ ಸವೆದು ಒತ್ತು ಮಾತ್ರ ಉಳಿಯುತ್ತದೆ. ಇನ್ನೊಂದು ದಾರಿ ಶಾಪದ್ದು: ‘ದೇವರು ನಿನ್ನನ್ನು ನರಕಕ್ಕೆ ತಳ್ಳಲಿ’ ಎಂಬ ಮಾತು ಎಷ್ಟೇ ಕಟುವಾಗಿದ್ದರೂ ವ್ಯಾಕರಣದ ಮಟ್ಟಿಗೆ ಅದೊಂದು ಪ್ರಾರ್ಥನೆಯೇ. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು ಪೂರ್ತಿಯಾಗಿ ದೇವರ ಹೆಸರಿನ ದುರ್ಬಳಕೆಗೆ ಮೀಸಲಾಗಿದೆಯೆಂದರೆ, ಆ ಕಾಲಕ್ಕಾಗಲೇ ಇದು ಎಷ್ಟು ರೂಢಿಯಾಗಿತ್ತು ಎಂದು ಊಹಿಸಬಹುದು. ಅದೇ ಬೈಬಲ್ಲಿನ ಯಾಜಕಕಾಂಡದ 24ನೆಯ ಅಧ್ಯಾಯದಲ್ಲಿ ದೈವದೂಷಣೆಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನು ವಿಧಿಸುವ ಪ್ರಸಂಗವೊಂದಿದೆ. ಅಲ್ಲಿನ ಅಪರಾಧಿ ಧರ್ಮದ ವಿರುದ್ಧ ವಾದ ಹೂಡಿದ ಪಂಡಿತನೇನೂ ಆಗಿರಲಿಲ್ಲ; ಪಾಳೆಯದಲ್ಲಿ ಇನ್ನೊಬ್ಬನೊಡನೆ ಕೈಕೈ ಮಿಲಾಯಿಸಿದಾಗ ಆ ಹೆಸರು ಅವನ ಬಾಯಿಂದ ಹೊರಬಿದ್ದಿತ್ತು.

ಕಾವಲು ಬಿಗಿಯಾದಷ್ಟೂ ಜನರು ಕಳ್ಳದಾರಿ ಹುಡುಕುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಕ್ರಿಸ್ತನ ಗಾಯಗಳು, ರಕ್ತ, ಎಲುಬು ಎಂದು ಒಂದೊಂದು ಅಂಗದ ಮೇಲೂ ಆಣೆಯಿಡುವುದು ಹೆಚ್ಚಿದಾಗ, ಹೀಗೆ ಆಣೆಯಿಡುವವರು ಕ್ರಿಸ್ತನ ದೇಹವನ್ನು ಮತ್ತೊಮ್ಮೆ ಹರಿದು ಹಾಕುತ್ತಿದ್ದಾರೆಂದು ಬೋಧಕರು ಎಚ್ಚರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ‘ದೇವರ ಗಾಯಗಳು’ ಎಂಬುದು ಕುಗ್ಗಿ ‘ಜೌಂಡ್ಸ್’ ಆಯಿತು. ಫ್ರಾನ್ಸಿನಲ್ಲಿ ದೇವರೆಂಬ ಪದದ ಜಾಗದಲ್ಲಿ, ಧ್ವನಿಯಲ್ಲಿ ಅದನ್ನು ಹೋಲುವ ನೀಲಿ ಬಣ್ಣದ ಹೆಸರು ಬಂದು ಕೂತಿತು. 1606ರಲ್ಲಿ ಇಂಗ್ಲೆಂಡಿನ ಸಂಸತ್ತು, ರಂಗದ ಮೇಲೆ ದೇವರ ಅಥವಾ ಕ್ರಿಸ್ತನ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡ ಎಂದು ಕಾನೂನು ಮಾಡಿತು. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ 1622ರ ಮುದ್ರಣದಲ್ಲಿದ್ದ ಇಂಥ ಆಣೆಗಳು 1623ರಲ್ಲಿ ಬಂದ ಅವನ ನಾಟಕಗಳ ಸಂಪುಟದಲ್ಲಿ ಮಾಯವಾಗಿವೆ. ಇಟಲಿಯಲ್ಲಿ ದೈವದೂಷಣೆಯ ಬೈಗುಳ 1999ರವರೆಗೂ ಅಪರಾಧವೇ ಆಗಿತ್ತು. ಈಗ ಅದು 51ರಿಂದ 309 ಯೂರೋವರೆಗಿನ ದಂಡಕ್ಕೆ ಇಳಿದಿದೆ. ಇಷ್ಟು ಶತಮಾನಗಳ ದಂಡ, ಶಿಕ್ಷೆ, ಬೋಧನೆಗಳಿಂದ ಈ ಬೈಗುಳಗಳು ಸತ್ತವೇ ಎಂದರೆ, ಇಲ್ಲ. ನಿಷೇಧವೇ ಅವುಗಳಿಗೆ ನೀರೆರೆಯಿತು.

ಇಲ್ಲಿ ದೇಹದ ಪಾಲೂ ಇದೆ, ಮತ್ತು ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಫ್ರೆಂಚ್ ಕವಿ ಬೋದಿಲೇರ್ 1866ರಲ್ಲಿ ಬೆಲ್ಜಿಯಂನಲ್ಲಿದ್ದಾಗ ಮೆದುಳಿಗೆ ಆಘಾತವಾಗಿ ಮಾತು ಕಳೆದುಕೊಂಡರು. ಜೀವನವಿಡೀ ಶಬ್ದಗಳನ್ನು ತೂಗಿ ಬಳಸಿದ ಆ ಮನುಷ್ಯನಲ್ಲಿ ಕೊನೆಗೆ ಹೆಚ್ಚುಕಡಿಮೆ ಒಂದೇ ಒಂದು ನುಡಿ ಉಳಿಯಿತು: ‘ಕ್ರೆ ನೋಂ’, ಅಂದರೆ ‘ಪವಿತ್ರ ನಾಮ’ ಎಂಬುದರ ತುಂಡಾದ ರೂಪ, ಆ ಕಾಲದ ಒಂದು ಸಾಮಾನ್ಯ ಬೈಗುಳ. ಅವರನ್ನು ಆರೈಕೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರು ಅದನ್ನು ಕೇಳಿ ತಲ್ಲಣಿಸಿದರು. ಅದೇ ಶತಮಾನದಲ್ಲಿ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ಇಂಗ್ಲಿಷ್ ನರರೋಗತಜ್ಞರು, ಮಾತು ನಿಂತುಹೋದ ರೋಗಿಗಳಲ್ಲೂ ಬೈಗುಳಗಳು ಉಳಿದುಕೊಳ್ಳುವುದನ್ನು ಗಮನಿಸಿ ದಾಖಲಿಸಿದರು. ಯೋಚಿಸಿ ಕಟ್ಟುವ ವಾಕ್ಯಗಳು ಬಹುಪಾಲು ಮೆದುಳಿನ ಎಡಭಾಗದ ಹೊರಪದರವನ್ನು ಅವಲಂಬಿಸಿದ್ದರೆ, ತಾನಾಗಿ ಸಿಡಿಯುವ ಬೈಗುಳಗಳಲ್ಲಿ ಭಾವನೆಗೆ ಸಂಬಂಧಿಸಿದ ಒಳಭಾಗಗಳ ಪಾತ್ರ ದೊಡ್ಡದು. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೈಗುಳವನ್ನು ಉಚ್ಚರಿಸುತ್ತಿದ್ದವರು ಸಾಧಾರಣ ಪದವನ್ನು ಹೇಳುತ್ತಿದ್ದವರಿಗಿಂತ ಹೆಚ್ಚು ಹೊತ್ತು ತಮ್ಮ ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಇಟ್ಟುಕೊಂಡಿದ್ದರು. ಅದೇ ತಂಡ ಮುಂದೆ ಹೊಸದಾಗಿ ಹುಟ್ಟಿಸಿದ ಪೊಳ್ಳು ಬೈಗುಳಗಳನ್ನು ಪರೀಕ್ಷಿಸಿದಾಗ ಅವು ನೋವು ತಾಳಲು ನೆರವಾಗಲಿಲ್ಲ. ಬಾಲ್ಯದಲ್ಲಿ ಯಾರೋ ಗದರಿಸಿ ‘ಆ ಮಾತು ಆಡಬೇಡ’ ಎಂದ ನೆನಪು ಪದದೊಳಗೆ ಸೇರಿಕೊಂಡಿರದಿದ್ದರೆ ಅದರಿಂದ ಕೆಲಸವಾಗುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಹಾಗಾದರೆ ಭಕ್ತಿ ಸಡಿಲವಾದ ಸಮಾಜದಲ್ಲಿ ಏನಾಗಬೇಕು? ಇಂಗ್ಲಿಷಿನಲ್ಲಿ ನಿರೀಕ್ಷಿಸಿದಂತೆಯೇ ಆಯಿತು. ಒಂದು ಕಾಲಕ್ಕೆ ಅಚ್ಚಿನಲ್ಲಿ ಅಕ್ಷರಗಳನ್ನು ನುಂಗಿ ಗೀಟೆಳೆಯುತ್ತಿದ್ದ ನರಕಶಾಪದ ಪದವನ್ನು ಇಂದು ಮಕ್ಕಳ ಮುಂದೆಯೂ ಹೇಳುವವರಿದ್ದಾರೆ. ಈಗ ಬಾಯಿಗೆ ತರಲು ಅಂಜುವುದು ಜನಾಂಗವನ್ನು ಹೀಗಳೆಯುವ ಪದಗಳನ್ನು. ಕಾವಲು ದೇವರಿಂದ ಮನುಷ್ಯರ ಘನತೆಯ ಕಡೆಗೆ ಸರಿದಿದೆ, ಅದು ಸರಿಯಾಗಿಯೇ ಇದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯ ಮಾತ್ರ ಈ ಲೆಕ್ಕಕ್ಕೆ ಸಲೀಸಾಗಿ ಬಗ್ಗುವುದಿಲ್ಲ. ಶಾಲೆ, ಆಸ್ಪತ್ರೆಗಳೆಲ್ಲ ಚರ್ಚಿನ ಕೈಯಲ್ಲಿದ್ದ ಆ ನಾಡಿನ ಫ್ರೆಂಚ್ ಭಾಷಿಕರು ದೇವರ ಹೆಸರಿಗಿಂತ ಹೆಚ್ಚಾಗಿ ಬಲಿಪೀಠದ ಸಾಮಗ್ರಿಗಳನ್ನೇ ಬೈಗುಳವಾಗಿಸಿಕೊಂಡರು: ಪ್ರಸಾದದ ರೊಟ್ಟಿ, ದ್ರಾಕ್ಷಾರಸದ ಪಾತ್ರೆ, ಪ್ರಸಾದವನ್ನಿಡುವ ಪೆಟ್ಟಿಗೆ. ಸಿಟ್ಟು ಏರಿದಂತೆ ಇವನ್ನು ಒಂದಕ್ಕೊಂದು ಪೋಣಿಸಿ ಉದ್ದದ ಸರವನ್ನೇ ಮಾಡುತ್ತಾರೆ. 1960ರ ದಶಕದಲ್ಲಿ ಚರ್ಚಿನ ಹಿಡಿತ ಕಳಚಿತು, ಪೂಜೆಗೆ ಬರುವವರು ವಿರಳವಾದರು, ಆದರೂ ಆ ಬೈಗುಳಗಳ ಖಾರ ಇಳಿಯಲಿಲ್ಲ. ಅವನ್ನು ಈಗ ಕಾಯುತ್ತಿರುವುದು ಪಾದ್ರಿಗಿಂತ ಹೆಚ್ಚಾಗಿ ಮನೆಯ ಹಿರಿಯರು ಎಂದು ತೋರುತ್ತದೆ. ತಾಯಿಯ ಮುಖ ಸಿಂಡರಿಸಿದ್ದನ್ನು ಕಂಡ ಮಗುವಿಗೆ, ಆ ಪೆಟ್ಟಿಗೆಯನ್ನು ಎಂದೂ ನೋಡದಿದ್ದರೂ, ಅದರ ಹೆಸರಿನ ಬಲ ತಿಳಿದಿರುತ್ತದೆ. 2006ರಲ್ಲಿ ಮಾಂಟ್ರಿಯಲ್‌ನ ಧರ್ಮಪ್ರಾಂತ್ಯವು ಊರ ತುಂಬ ದೊಡ್ಡ ಫಲಕಗಳನ್ನು ನಿಲ್ಲಿಸಿ, ಈ ಪದಗಳನ್ನು ದಪ್ಪಕ್ಷರದಲ್ಲಿ ಬರೆಸಿ, ಅವುಗಳ ಕೆಳಗೆ ನಿಘಂಟಿನಂತೆ ಮೂಲ ಅರ್ಥಗಳನ್ನು ಕೊಟ್ಟಿತು. ಹಿಂದೆ ಇದೇ ಪದಗಳಿಗಾಗಿ ಜನರನ್ನು ಗದರಿಸುತ್ತಿದ್ದ ಚರ್ಚು, ಜನರ ಬಾಯಲ್ಲಿ ದಿನವೂ ಹೊರಳುವ ಮಾತು ಯಾವ ವಸ್ತುವಿನ ಹೆಸರು ಎಂಬುದನ್ನು ಈಗ ಅವರಿಗೆ ಹೇಳಿಕೊಡಬೇಕಾಗಿ ಬಂದಿತ್ತು.