ಸರ್ವಿಸ್ ಆದ ಮೇಲೆ ಹಿಂದಿನ ಬ್ರೇಕ್: ಕೇಬಲ್ ಎಳೆಯೋ ಮೊದಲು ಸ್ಟಾರ್ ತಿರುಗಿಸಿ

ಹೋದ ಶನಿವಾರ ಪಿಕಪ್ ಸರ್ವಿಸ್ ಮಾಡಿಸಿದೆ. ಆಯಿಲ್, ಫಿಲ್ಟರ್, ಗ್ರೀಸಿಂಗ್, ಜೊತೆಗೆ ಹಿಂದಿನ ಎರಡೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ ಸ್ವಚ್ಛ ಮಾಡಿದ್ದರು. ಗ್ಯಾರೇಜಿನಿಂದ ಹೊರಗೆ ತರುವಾಗಲೇ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು. ಕೇಳಿದೆ. ಹುಡುಗ ಗಾಡಿ ಕೆಳಗೆ ನುಗ್ಗಿ ಹ್ಯಾಂಡ್‌ಬ್ರೇಕ್ ಕೇಬಲ್ ನಟ್ ನಾಲ್ಕು ಸುತ್ತು ಬಿಗಿ ಮಾಡಿದ. ಪೆಡಲ್ ಸ್ವಲ್ಪ ಮೇಲೆ ಬಂತು. "ಇನ್ನ ಏನ್ ಆಗಂಗಿಲ್ಲ ಬಿಡ್ರಿ, ಎರಡ್ ದಿನಾ ಓಡಸ್ರಿ, ತಾನ ಸೆಟ್ ಆಗ್ತೈತಿ" ಅಂದ. ನಾನೂ ನಂಬಿ ಬಂದೆ.

ನಾನು ಓಡಿಸೋದು ಬೆಳಗಾವಿಯಿಂದ ಗೋವಾಕ್ಕೆ, ಕಾಯಿಪಲ್ಲೆ ಲೋಡ್. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಬೇಕು. ಆ ರಾತ್ರಿ ಕೋಸು, ಬದನೆ, ಹಸಿಮೆಣಸಿನಕಾಯಿ ತುಂಬಿಕೊಂಡು ಹೊರಟೆ. ಪೀರನವಾಡಿ ಹಂಪ್ ಹತ್ತಿರ ಬ್ರೇಕ್ ಒತ್ತಿದಾಗ ಕಾಲು ಮತ್ತೆ ಕೆಳಗೆ ಇಳಿಯಿತು. ಲೋಡ್ ಬಿದ್ದ ಮೇಲೆ ಬಣ್ಣ ಬಯಲಾಯ್ತು ನೋಡಿ. ಜಾಂಬೋಟಿಯಲ್ಲಿ ಗಾಡಿ ಸೈಡಿಗೆ ಹಾಕಿದೆ. ಮುಂದೆ ಘಾಟ್ ಇದೆ, ಮಳೆ ಬೇರೆ, ಈ ಪೆಡಲ್ ಇಟ್ಟುಕೊಂಡು ಇಳಿಯುವ ಮಾತೇ ಇಲ್ಲ. ಗೆಳೆಯನಿಗೆ ಫೋನ್ ಮಾಡಿ ಅವನ ಗಾಡಿ ತರಿಸಿ, ಮಾಲೆಲ್ಲ ಅದಕ್ಕೆ ದಾಟಿಸಿದೆವು. ನಾನು ಖಾಲಿ ಗಾಡಿಯನ್ನು ಸೆಕೆಂಡ್ ಗೇರಿನಲ್ಲೇ ನಿಧಾನವಾಗಿ ವಾಪಸ್ ತಂದೆ.

ಮರುದಿನ ನಾನೇ ಕೂತು ಬಿಚ್ಚಿ ನೋಡಿದೆ. ಕಾರಣ ಬಹಳ ಸಣ್ಣದು. ಬ್ರೇಕ್ ಒತ್ತಿದಾಗ ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸೋದು ಶೂ. ಹಳೇ ಡ್ರಮ್ಮಿನ ಒಳಮೈ ಆ ಶೂ ಉಜ್ಜಿ ಉಜ್ಜಿ ಸವೆದಿರುತ್ತದೆ, ಅಂಚಿನಲ್ಲಿ ಮಾತ್ರ ಸವೆಯದ ಒಂದು ದಿಂಡು ಉಳಿದಿರುತ್ತದೆ. ಆ ದಿಂಡಿಗೆ ಶೂ ಸಿಕ್ಕಿಕೊಂಡು ಡ್ರಮ್ ಹೊರಗೆ ಬರೋದಿಲ್ಲ. ಅದಕ್ಕೆ ಮೆಕ್ಯಾನಿಕ್ ಮೊದಲು ಅಡ್ಜಸ್ಟರ್ ಸ್ಟಾರ್, ಅಂದರೆ ಶೂಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡುವ ಹಲ್ಲಿನ ಚಕ್ರ, ಲೂಸ್ ಮಾಡಿ ಶೂಗಳನ್ನು ಒಳಗೆ ಎಳೆದುಕೊಳ್ಳುತ್ತಾನೆ. ಅಲ್ಲಿಯವರೆಗೆ ಸರಿ. ಸ್ವಚ್ಛ ಮಾಡಿ ಡ್ರಮ್ ಹಾಕಿದ ಮೇಲೆ ಅದೇ ಸ್ಟಾರನ್ನು ಮತ್ತೆ ಬಿಗಿ ಮಾಡಬೇಕು ಅಲ್ವಾ? ಅದನ್ನೇ ಮರೆತಿದ್ದರು. ಶೂ ಮತ್ತು ಡ್ರಮ್ ನಡುವೆ ಅಷ್ಟು ಸಂದಿ ಇದ್ದರೆ, ಶೂಗಳನ್ನು ಹೊರಗೆ ತಳ್ಳುವ ವೀಲ್ ಸಿಲಿಂಡರ್ ಮೊದಲು ಆ ಸಂದಿ ತುಂಬಿಸಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು. ಪೆಡಲ್ ಕೆಳಗೆ ಹೋಗೋದು ಅದಕ್ಕೇ.

ಕೇಬಲ್ ಬಿಗಿ ಮಾಡಿದಾಗ ಪೆಡಲ್ ಮೇಲೆ ಬಂದಿತ್ತಲ್ಲ, ಅದು ಬರೀ ಮೇಲುಮೇಲಿನ ರಿಪೇರಿ. ಕೇಬಲ್ ಒಳಗಿನ ಲಿವರ್ ಹಿಡಿದು ಶೂಗಳನ್ನು ಸುಮ್ನೆ ಹೊರಗೆ ತಳ್ಳಿ ನಿಲ್ಲಿಸುತ್ತದೆ. ಶೂ ತನ್ನ ಜಾಗಕ್ಕೆ ಹೋಗಿ ಕೂರುವುದೇ ಇಲ್ಲ. ಶೂ ಪೂರ್ತಿ ಹಿಂದೆ ಹೋಗದಿದ್ದರೆ ತಾನೇ ಸೆಟ್ ಆಗುವ ಅಡ್ಜಸ್ಟರ್ ಕೂಡ ಕೆಲಸ ಮಾಡಲ್ಲ. ಅದು ಕೆಲವು ಗಾಡಿಗಳಲ್ಲಿ ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ, ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಒಂದೊಂದೇ ಹಲ್ಲು ಮುಂದೆ ಹೋಗುತ್ತದೆ. ಸವೆತ ಸರಿದೂಗಿಸಲು ಅದು ಸಾಕು. ಸರ್ವಿಸ್‌ನಲ್ಲಿ ಪೂರ್ತಿ ಲೂಸ್ ಮಾಡಿದ್ದನ್ನು ಎರಡು ದಿನದಲ್ಲಿ ತಾನೇ ಸೆಟ್ ಮಾಡಲಿ ಅಂತ ಅದರ ಮೇಲೆ ಬಿಡೋದು ತಪ್ಪು.

ಪೆಡಲ್ ಕೆಳಗೆ ಹೋದರೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಮ್ಮೆ ಒತ್ತಿ ಬಿಟ್ಟು, ತಕ್ಷಣ ಇನ್ನೊಮ್ಮೆ ಒತ್ತಿ. ಎರಡನೇ ಸಲ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತರೆ ಬಹುತೇಕ ಶೂ ಸಂದಿ ಜಾಸ್ತಿ ಅಂತ ಅರ್ಥ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಲೈನಿನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿ ಹೊರಗೆ ತೆಗೆಸಬೇಕು. ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ, ಆಗ ಗಾಡಿ ಹೊರಗೆ ತೆಗೆಯಲೇಬೇಡಿ. ನನ್ನದು ಎರಡನೇ ಸಲಕ್ಕೆ ಕಲ್ಲಿನ ಹಾಗೆ ನಿಂತಿತು.

ಇನ್ನು ಕೆಲಸ. ಗಾಡಿ ಖಾಲಿ ಇರಲಿ, ಸಮ ನೆಲದಲ್ಲಿ ಇರಲಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಯಾಕೆಂದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್ ಮಾಡಿಯೇ ಈ ಕೆಲಸ ಮಾಡಬೇಕು. ಆಕ್ಸಲ್ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಆಮೇಲೆ ಕೇಬಲ್ ನಟ್ ಪೂರ್ತಿ ಲೂಸ್ ಮಾಡಿ. ಇದನ್ನು ಬಿಟ್ಟರೆ ಮುಂದೆ ಮಾಡಿದ್ದೆಲ್ಲ ದಂಡ.

ಡ್ರಮ್ ಹಿಂದಿನ ತಟ್ಟೆಯಲ್ಲಿ ಉದ್ದನೆಯ ಸಣ್ಣ ಕಂಡಿ ಇರುತ್ತದೆ, ಅದಕ್ಕೆ ರಬ್ಬರ್ ಮುಚ್ಚಳ. ನನ್ನ ಗಾಡಿಯಲ್ಲಿ ಎಡಗಡೆ ಮುಚ್ಚಳವೇ ಇರಲಿಲ್ಲ, ಜಾಂಬೋಟಿ ಕಡೆಯ ಕೆಂಪು ಕೆಸರು ಒಳಗೆ ಹೋಗಿ ಸ್ಟಾರಿನ ಹಲ್ಲಿನ ಸಂದಿಯಲ್ಲಿ ಒಣಗಿ ಕೂತಿತ್ತು. ಅದನ್ನು ಒದ್ದೆ ಬಟ್ಟೆ, ಬ್ರಷ್‌ನಿಂದ ತೆಗೆದೆ. ಗಾಳಿ ಹೊಡೆಯಬೇಡಿ, ಶೂ ಧೂಳು ಎದೆಗೆ ಒಳ್ಳೇದಲ್ಲ, ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಕಂಡಿಯಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಸ್ಟಾರ್ ಹಲ್ಲು ಒಂದೊಂದೇ ಸರಿಸಿ. ಪ್ರತಿ ಹಲ್ಲಿಗೂ ಟಕ್ ಅಂತ ಕೈಗೆ ಗೊತ್ತಾಗುತ್ತದೆ. ಇನ್ನೊಂದು ಕೈಯಿಂದ ಚಕ್ರ ತಿರುಗಿಸುತ್ತಾ ಇರಿ. ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿ ಆದ ಮೇಲೆ ಒಮ್ಮೆ ಪೆಡಲ್ ಜೋರಾಗಿ ಒತ್ತಿ ಬಿಡಿ, ಶೂ ನಡುವಿಗೆ ಬಂದು ಕೂರುತ್ತದೆ. ಚಕ್ರ ಮತ್ತೆ ಸಡಿಲವಾದರೆ ಇನ್ನೂ ಒಂದೆರಡು ಹಲ್ಲು ಬಿಗಿ ಮಾಡಿ. ಆಮೇಲೆ ಹಿಂದಕ್ಕೆ ಬಿಡುತ್ತಾ ಬನ್ನಿ. ಬಿಡುವಾಗ ಸ್ಟಾರಿಗೆ ಒರಗಿರುವ ಲಿವರನ್ನು ಇನ್ನೊಂದು ತೆಳು ಸ್ಕ್ರೂಡ್ರೈವರಿನಿಂದ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹಲ್ಲು ಕೆತ್ತಿ ಹೋಗುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನೋದು ಕಿವಿಯ ಕೆಲಸ. ಚಕ್ರ ಸರಾಗವಾಗಿ ತಿರುಗಬೇಕು, ಒಳಗೆ ಮಾತ್ರ ಸರ್ ಸರ್ ಅಂತ ಹಗುರವಾಗಿ ಸವರಿದ ಸದ್ದು ಬರಬೇಕು. ಡಿಫರೆನ್ಷಿಯಲ್ ಆಯಿಲ್‌ನಿಂದಲೂ ಚಕ್ರ ಸ್ವಲ್ಪ ಭಾರ ಅನಿಸುತ್ತದೆ, ಅದನ್ನು ಶೂ ಹಿಡಿದಿದೆ ಅಂತ ತಿಳಿಯಬೇಡಿ. ನನ್ನ ಗಾಡಿಯಲ್ಲಿ ಎಡಕ್ಕೆ 14 ಹಲ್ಲು, ಬಲಕ್ಕೆ 9 ಹಲ್ಲು ಬೇಕಾಯಿತು. ಅಷ್ಟು ಸಂದಿ ಇಟ್ಟುಕೊಂಡು ನಾನು ಘಾಟ್ ಇಳಿಯಲು ಹೊರಟಿದ್ದೆ.

ಇಲ್ಲಿ ಘಾಟಿನ ಮಾತು ಯಾಕೆ ಅಂದರೆ, ಡ್ರಮ್ ಕಾದಾಗ ಹಿಗ್ಗುತ್ತದೆ. ಹಿಗ್ಗಿದರೆ ಶೂನಿಂದ ಇನ್ನೂ ದೂರ ಹೋಗುತ್ತದೆ. ಸರಿಯಾಗಿ ಸೆಟ್ ಆದ ಗಾಡಿಯಲ್ಲೇ ಇಳಿಜಾರಿನಲ್ಲಿ ಪೆಡಲ್ ಸ್ವಲ್ಪ ಕೆಳಗೆ ಬರುತ್ತದೆ. ಮೊದಲೇ ಸಂದಿ ಇದ್ದರೆ, ಕಾದ ಮೇಲೆ ಒತ್ತಲು ಜಾಗವೇ ಉಳಿಯದೆ ಹೋಗಬಹುದು. ಹಾಗಂತ ಅತಿ ಬಿಗಿಯೂ ಬೇಡ. ಶೂ ಸದಾ ಉಜ್ಜುತ್ತಿದ್ದರೆ ಲೈನಿಂಗ್ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಜಾರುತ್ತದೆ.

ಎರಡೂ ಕಡೆ ಆದ ಮೇಲೆ ಕೊನೆಗೆ ಕೇಬಲ್ ನಟ್ ಬಿಗಿ ಮಾಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಾಗ ಚಕ್ರ ಮೊದಲಿನ ಹಾಗೇ ತಿರುಗಬೇಕು. ಹ್ಯಾಂಡ್‌ಬ್ರೇಕ್ ಎಳೆದಾಗ ಎಷ್ಟು ಟಕ್ಕಿಗೆ ಹಿಡಿಯಬೇಕು ಅನ್ನೋದನ್ನು ನಿಮ್ಮ ಗಾಡಿಯ ಪುಸ್ತಕ ನೋಡಿ, ನನ್ನದರಲ್ಲಿ ಈಗ 6ಕ್ಕೆ ಹಿಡಿಯುತ್ತದೆ.

ಇನ್ನೊಂದು ಮಾತು. ಶೂ ಬದಲಿಸುವುದಾದರೆ ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿಸಿ. ಎಡ ಬಲದ ಅಡ್ಜಸ್ಟರ್‌ಗಳ ಸ್ಕ್ರೂ ಥ್ರೆಡ್ ಬಹಳ ಗಾಡಿಗಳಲ್ಲಿ ಒಂದಕ್ಕೊಂದು ಉಲ್ಟಾ ಇರುತ್ತದೆ. ಅದಲು ಬದಲಾದರೆ ಅಡ್ಜಸ್ಟರ್ ಬಿಗಿ ಮಾಡುವ ಬದಲು ತಾನೇ ಲೂಸ್ ಮಾಡುತ್ತಾ ಹೋಗುತ್ತದೆ.

ಸಂಜೆ ಮೊದಲು ಖಾಲಿ ಬಯಲಲ್ಲಿ ನಿಧಾನವಾಗಿ ಹತ್ತಾರು ಸಲ ಬ್ರೇಕ್ ಹಾಕಿ ನೋಡಿದೆ, ಆಮೇಲೆ ಖಾನಾಪುರದವರೆಗೆ ಹೋಗಿ ಬಂದೆ. ಇಳಿದು ಎರಡೂ ಹಿಂದಿನ ಡ್ರಮ್ ಹತ್ತಿರ ಅಂಗೈ ಹಿಂಭಾಗ ಹಿಡಿದೆ, ಮುಟ್ಟಲಿಲ್ಲ. ಎರಡೂ ಕಡೆ ಒಂದೇ ಸಮ ಬಿಸಿ, ಸುಟ್ಟ ವಾಸನೆ ಇಲ್ಲ. ಮುಚ್ಚಳ ಹೊಸದು ತಂದು ಎಡಗಡೆ ಒತ್ತಿ ಕೂರಿಸಿದ್ದೇನೆ. ನಾಳೆ ರಾತ್ರಿ ಲೋಡ್ ಇದೆ, ಜಾಂಬೋಟಿಯಲ್ಲಿ ಒಮ್ಮೆ ನಿಲ್ಲಿಸಿ ಪೆಡಲ್ ನೋಡಿಕೊಂಡೇ ಕಣಕುಂಬಿ ಕಡೆ ಹೊರಡುತ್ತೇನೆ.